ಕರಗದ ಗುಳಿಗೆ

ಶಿಷ್ಯ ಪರ್ವತಯ್ಯ ಕೇಳಿದ: "ಗುರುಗಳೇ, ನಾನು ಹಳ್ಳಿಗೆ ಹೋಗಿ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಆದರೂ ಯಾರಿಗೂ ನಾಟಲಿಲ್ಲ. ಮರುದಿನ ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿದೆ. ಎದ್ದು ಹೋದರು. ಸತ್ಯಕ್ಕೆ ಬಲವಿಲ್ಲವೇ?"

ಗುರುಗಳು ಹೇಳಿದರು:

ಕಾಡಂಚಿನ ಪೇಟೆಯೊಂದರಲ್ಲಿ ಒಬ್ಬ ವೈದ್ಯನಿದ್ದ. ಚಳಿಜ್ವರಕ್ಕೆ ಅವನಲ್ಲಿ ಒಂದು ಔಷಧವಿತ್ತು. ಯಾವುದೋ ಬೇರಿನಿಂದ ತೆಗೆದ ಬಿಳಿ ಪುಡಿ. ಅದರ ಗುಣದಲ್ಲಿ ಅವನಿಗೆ ಅನುಮಾನವಿರಲಿಲ್ಲ. ಆದರೆ ಅದನ್ನು ತಿಂದವರಲ್ಲಿ ಕೆಲವರು ಏಳುತ್ತಿದ್ದರು, ಹಲವರು ಏಳುತ್ತಿರಲಿಲ್ಲ. ಏಳದವರನ್ನು ಅವನು ಪಥ್ಯ ಮುರಿದವರು ಎನ್ನುತ್ತಿದ್ದ.

ಒಮ್ಮೆ ಮರದ ವ್ಯಾಪಾರಿಯೊಬ್ಬನಿಗೆ ಚಳಿಜ್ವರ ಹಿಡಿಯಿತು. ಆಳು ದೊಡ್ಡವನು, ದನಿ ಇನ್ನೂ ದೊಡ್ಡದು. ವೈದ್ಯ ಕಡಲೆಕಾಳಿನಷ್ಟು ಗುಳಿಗೆ ಕೊಟ್ಟ. ಜ್ವರ ಇಳಿಯಲಿಲ್ಲ. ಗೋಲಿಯಷ್ಟು ದಪ್ಪ ಮಾಡಿ ಕೊಟ್ಟ. ವ್ಯಾಪಾರಿಗೆ ಸಂತೋಷವಾಯಿತು, ಜ್ವರಕ್ಕೆ ಏನೂ ಆಗಲಿಲ್ಲ.

ಮರುದಿನ ವ್ಯಾಪಾರಿಯ ಹೆಂಡತಿ ಮುತ್ತುಗದ ಎಲೆಯಲ್ಲಿ ಏನನ್ನೋ ಹಿಡಿದು ಬಂದಳು.

"ಪಂಡಿತರೇ, ನಿಮ್ಮ ಗುಳಿಗೆ. ಒಳಗೆ ಹೇಗೆ ಹೋಯಿತೋ ಹಾಗೇ ಹೊರಗೆ ಬಂದಿದೆ. ಚೆನ್ನಾಗಿ ತೊಳೆದಿದ್ದೇನೆ. ಇದನ್ನೇ ಇನ್ನೊಮ್ಮೆ ಕೊಡಲೋ, ಹೊಸದು ಕೊಡುತ್ತೀರೋ?"

ಹೊಸದನ್ನು ತಾನೇ ತರುತ್ತೇನೆ ಎಂದು ವೈದ್ಯ ಆಕೆಯನ್ನು ಕಳಿಸಿದ. ಆಕೆ ಹೋದ ಮೇಲೆ ಹೊಸ ಗುಳಿಗೆಯೊಂದನ್ನು ಚೊಂಬಿನ ನೀರಿಗೆ ಹಾಕಿ ನೋಡುತ್ತ ಕುಳಿತ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವನು ಹಾಗೆ ನೋಡಿರಲಿಲ್ಲ. ಸಂಜೆಯಾದರೂ ಗುಳಿಗೆ ತಳದಲ್ಲಿ ಕಲ್ಲಿನಂತೆ ಕೂತಿತ್ತು. ಚೊಂಬಿನಲ್ಲಿ ಕರಗದ್ದು ಹೊಟ್ಟೆಯಲ್ಲಿ ಕರಗಿ ರಕ್ತಕ್ಕೆ ಸೇರುವುದು ಹೇಗೆ? ಪಥ್ಯ ಮುರಿದರೆಂದು ತಾನು ಬೈದವರ ಮುಖಗಳು ಅವನಿಗೆ ಒಂದೊಂದಾಗಿ ನೆನಪಾದವು.

ಮಜ್ಜಿಗೆಗೆ ಹಾಕಿದ, ಕರಗಲಿಲ್ಲ. ಬಿಸಿ ತುಪ್ಪಕ್ಕೆ ಹಾಕಿದ. ಅಂಚು ಸ್ವಲ್ಪ ಕರಗಿತು. ಅಷ್ಟು ಸಾಕಾಯಿತು. ಪುಡಿಯನ್ನು ತುಪ್ಪದೊಡನೆ ಕಲ್ಲಿನಲ್ಲಿ ಅರೆದ. ಬೆರಳಿಗೆ ತರಿ ಸಿಗದಂತಾದ ಮೇಲೂ ಅರೆದ. ಕಣ್ಣಿಗೆ ಒಂದು ಕಣವೂ ಕಾಣದಂತಾದ ಮೇಲೆ ಬಿಸಿ ಹಾಲಿಗೆ ಹಾಕಿ ಕಡೆದು, ವ್ಯಾಪಾರಿಯ ಮನೆಗೆ ಒಯ್ದ.

ವ್ಯಾಪಾರಿ ಚೊಂಬಿನೊಳಗೆ ಇಣುಕಿದ. "ಔಷಧ ಎಲ್ಲಿ?"

"ಹಾಲಿನಲ್ಲೇ ಇದೆ."

"ಕಾಣುತ್ತಿಲ್ಲವಲ್ಲ! ನನ್ನಂಥ ಆಳಿಗೆ ಮಗುವಿಗೆ ಕೊಟ್ಟ ಹಾಗೆ ಹಾಲು ಕೊಡುತ್ತೀರಾ? ತೆಗೆದುಕೊಂಡು ಹೋಗಿ. ನಿಂಬೆಹಣ್ಣಿನಷ್ಟು ಗುಳಿಗೆ ತನ್ನಿ, ಆಮೇಲೆ ಮಾತಾಡೋಣ."

ಅಷ್ಟರಲ್ಲಿ ಚಳಿ ಬಂತು. ಮಂಚ ಗಡಗಡ ನಡುಗಿತು. ಹೆಂಡತಿ ಇದ್ದ ಕಂಬಳಿಗಳನ್ನೆಲ್ಲ ಹೊದಿಸಿ ಮೇಲೆ ಕೂತಳು. ಆಕೆಯೂ ಗಡಗಡ ನಡುಗಿದಳು. ಇನ್ನೊಮ್ಮೆ ಇಂಥ ಚಳಿ ಬಂದರೆ ಆಳು ಉಳಿಯುವುದಿಲ್ಲ ಎಂದು ವೈದ್ಯನಿಗೆ ತಿಳಿಯಿತು.

ಅವನು ಅಡುಗೆಮನೆಗೆ ಹೋದ. ಅಕ್ಕಿಹಿಟ್ಟಿಗೆ ಮೆಣಸಿನಪುಡಿ ಕಲಸಿ, ನಿಂಬೆಹಣ್ಣಿನಷ್ಟು ಉಂಡೆ ಕಟ್ಟಿ ತಂದ. "ಇಗೊಳ್ಳಿ ಗುಳಿಗೆ. ಗಂಟಲಲ್ಲಿ ಸುಲಭವಾಗಿ ಇಳಿಯುವುದಿಲ್ಲ. ಚೂರು ಕಚ್ಚಿ, ಒಂದೊಂದು ಗುಟುಕು ಹಾಲು ಕುಡಿಯುತ್ತ ನುಂಗಿ."

ವ್ಯಾಪಾರಿಯ ಕಣ್ಣಲ್ಲಿ ನೀರು ಬಂತು. ಇದಲ್ಲವೇ ಔಷಧ ಎಂದ. ಉಂಡೆ ಮುಗಿಯುವ ಹೊತ್ತಿಗೆ ಚೊಂಬೂ ಬರಿದಾಯಿತು. ಹೀಗೇ ಕೆಲವು ದಿನ ನಡೆಯಿತು. ಜ್ವರ ಬಿಟ್ಟಿತು.

ಎದ್ದವನೇ ಅವನು ಪೇಟೆಯೆಲ್ಲ ಗುಳಿಗೆಯ ಗುಣಗಾನ ಮಾಡಿದ. ಜ್ವರ ಬಂದವರೆಲ್ಲ ವೈದ್ಯನ ಬಾಗಿಲಿಗೆ ಬಂದು ನಿಂಬೆಹಣ್ಣಿನ ಗಾತ್ರದ್ದೇ ಬೇಕೆಂದರು. ವೈದ್ಯ ಎಲ್ಲರಿಗೂ ಉಂಡೆ ಕೊಟ್ಟ, ನುಂಗಲು ಹಾಲು ಕೊಟ್ಟ. ಆ ಮಳೆಗಾಲ ಪೇಟೆಯಲ್ಲಿ ಚಳಿಜ್ವರಕ್ಕೆ ಯಾರೂ ಸಾಯಲಿಲ್ಲ. ಜನ ಉಂಡೆಯನ್ನು ಹೊಗಳಿದರು. ಪಂಡಿತರ ಮನೆಯ ಹಾಲು ಮಾತ್ರ ಸ್ವಲ್ಪ ಜಿಡ್ಡು ಎಂದು ದೂರಿದರು.

ಕತೆ ಕೇಳಿ ಪರ್ವತಯ್ಯ ಬಹಳ ನಕ್ಕ. ಆಮೇಲೆ ಅವನಿಗೆ ಮರುಕ ಬಂತು.

"ಪಾಪ, ಅಷ್ಟು ಅರೆದವನು ಅವನು. ಹೆಸರೆಲ್ಲ ಅಕ್ಕಿಹಿಟ್ಟಿಗೆ ಹೋಯಿತಲ್ಲ. ಹಾಲಿನಲ್ಲಿದ್ದದ್ದೇ ಔಷಧ ಎಂದು ಕೊನೆಗಾದರೂ ಹೇಳಬೇಕು ಅನ್ನಿಸಲಿಲ್ಲವೇ ಅವನಿಗೆ?"

ಗುರುಗಳು ಹೇಳಿದರು: "ಅವನು ಹೋಗಿದ್ದು ಜ್ವರ ಬಿಡಿಸಲು, ನೀನು ಹಳ್ಳಿಗೆ ಹೋಗಿದ್ದು ಯಾತಕ್ಕೆ?"