ತೊಟ್ಟಿಲ ಮುಂದೆ ವಾರಗಿತ್ತಿಯರು

ಕೊಡುವುದು ಒಂದು ಜೊತೆ ಬೆಳ್ಳಿ ಗೆಜ್ಜೆ, ಪಡೆಯುವುದು ಕೂಸಿಗೆ ತನ್ನ ಹೆಸರು. ಸಾಹುಕಾರರ ಹಿರಿಸೊಸೆ ಸಂಗವ್ವ, ತಮ್ಮ ಮನೆಗೆ ರೊಟ್ಟಿ ಬಡಿಯಲು ಬರುವ ಬಾಣಂತಿಯ ಮುಂದಿಟ್ಟ ವ್ಯವಹಾರ ಇದು.

ಕೇಳಿ ಕಿರಿಸೊಸೆ ನೀಲವ್ವನ ಹೊಟ್ಟೆಗೆ ಬೆಂಕಿ ಬಿತ್ತು. "ಊರೆಲ್ಲಾ ಆಕಿ ಹೆಸರು ಕೂಗಬೇಕೇನ? ನನ್ನ ಹೆಸರಿಡು, ಬೆಳ್ಳಿ ಉಡದಾರ ಹಾಕ್ತೀನಿ. ಆಕಿದಿಟ್ಟರ ಕೆಲಸಕ್ಕ ಬರಬ್ಯಾಡ." ಸಂಗವ್ವನೂ ಅದೇ ಬೆದರಿಕೆ ಹಾಕಿದಳು. ರೊಟ್ಟಿಯವಳಿಗೋ ತೀರಿಹೋದ ತನ್ನ ಅವ್ವನ ಹೆಸರಿಡುವ ಆಸೆ.

ಹೆಸರಿಡುವ ದಿನ ಇಬ್ಬರೂ ತೊಟ್ಟಿಲ ಆಚೆಗೊಬ್ಬಳು ಈಚೆಗೊಬ್ಬಳು ನಿಂತರು. ರೊಟ್ಟಿಯವಳು ಕೈಮುಗಿದಳು. "ಯಾರ ಹೆಸರಾದರೂ ಇಡ್ತೀನ್ರಿ ಅವ್ವಾರ. ಆದರ ನಮ್ಮ ಓಣ್ಯಾಗ ಮಕ್ಕಳನ್ನ ಹೆಸರು ಹಿಡಿದೇ ಬೈತೀವ್ರಿ. 'ಏ ಸಂಗೀ, ಸಿಂಬಳ ಒರಸ್ಕೋ! ಏ ನೀಲೀ, ಮತ್ತ ಹಾಸಿಗ್ಯಾಗ ಉಚ್ಚಿ ಹೊಯ್ದ್ಯೇನ?'"

ನೆರೆದ ಹೆಂಗಸರೆಲ್ಲಾ ನಕ್ಕರು. ಸಂಗವ್ವ ತಟ್ಟನೆ ಗೆಜ್ಜೆಯನ್ನು ತೊಟ್ಟಿಲಿಗೆ ಹಾಕಿ, "ನೀಲವ್ವಂದ ಇಡು" ಅಂದಳು. "ಹಿರಿಯಾಕಿ ಇರೂವಾಗ ನಂದ್ಯಾಕ? ಆಕಿದೇ ಇಡು" ಎಂದು ನೀಲವ್ವ ಉಡದಾರ ಹಾಕಿದಳು. ತೊಟ್ಟಿಲಿಗೆ ಹಾಕಿದ್ದನ್ನು ಯಾರೂ ಹಿಂದಕ್ಕೆ ತೆಗೆಯುವಂತಿಲ್ಲ.

"ಅವರದಿಟ್ಟರ ಅವರಿಗೆ ಸಿಟ್ಟು, ನಿಮ್ಮದಿಟ್ಟರ ನಿಮಗ ಸಿಟ್ಟು. ಸತ್ತ ನಮ್ಮವ್ವಗ ಸಿಟ್ಟು ಬರೂದಿಲ್ರಿ" ಎಂದು ರೊಟ್ಟಿಯವಳು ನಾದಿನಿಗೆ ಸನ್ನೆ ಮಾಡಿದಳು. ಆಕೆ ಕೂಸಿನ ಕಿವಿಯಲ್ಲಿ "ಹೊನ್ನವ್ವ" ಅಂದಳು. ತಮ್ಮ ಹೆಸರು ಉಳಿಯಿತೆಂದು ಇಬ್ಬರೂ ಹೋಳಿಗೆ ಊಟಕ್ಕೆ ಕೂತರು.

ಗೆಜ್ಜೆ ಬಂತು, ಉಡದಾರ ಬಂತು, ಕೆಲಸ ಉಳಿಯಿತು, ಅವ್ವ ಮನೆಗೆ ಬಂದಳು. ಹೋದದ್ದು ಎರಡು ಎಲೆ ಹೋಳಿಗೆ ಊಟ.