ಹಾಜರಿಯಲ್ಲಿ ಹೆಸರಿಲ್ಲದ ಸ್ಪೀಕರ್

ಒಂದು ಲ್ಯಾಪ್‌ಟಾಪಿನಲ್ಲಿ ಅಪ್‌ಡೇಟ್ ಆಗಿ, ಭಾಗಗಳನ್ನೆಲ್ಲ ಆಳುವ ಮೂಲ ತಂತ್ರಾಂಶ, ಅಂದರೆ ಹೊಸ ಕರ್ನಲ್, ಯಜಮಾನಿಕೆಗೆ ಬಂತು. ಬಂದದ್ದೇ ತಡ, ಭಾಗಗಳ ಹಾಜರಿ ಕೂಗಿತು. ಕೀಬೋರ್ಡ್ ಓಗೊಟ್ಟಿತು, ಫ್ಯಾನ್ ಓಗೊಟ್ಟಿತು. ಆರು ವರ್ಷ ಹಾಡಿದ್ದ ಸ್ಪೀಕರಿನ ಹೆಸರು ಮಾತ್ರ ಬರಲೇ ಇಲ್ಲ.

"ಸ್ವಾಮಿ, ನಾನೂ ಇದ್ದೇನೆ," ಎಂದಿತು ಸ್ಪೀಕರ್.

"ನನ್ನ ಪಟ್ಟಿಯಲ್ಲಿ ನೀನಿಲ್ಲ. ಪಟ್ಟಿಯಲ್ಲಿ ಇಲ್ಲದವರ ಮಾತು ನನಗೆ ಕೇಳಿಸುವುದಿಲ್ಲ," ಎಂದಿತು ಕರ್ನಲ್.

"ಪಾಪ, ಅದರ ಗಂಟಲು ಹೋಗಿದೆ," ಎಂದು ಫ್ಯಾನ್ ಎಲ್ಲರಿಗೂ ಹೇಳಿಕೊಂಡು ಬಂತು. ನಾಲ್ಕು ದಿನ ಅದನ್ನೇ ಕೇಳಿ ಕೇಳಿ ಸ್ಪೀಕರಿಗೂ ಹೌದೇನೋ ಅನ್ನಿಸಿತು.

ಲ್ಯಾಪ್‌ಟಾಪ್ ರಿಪೇರಿಗೆ ಬಂತು. ಅಂಗಡಿಯ ಗುಲ್ನಾಜ್ ಬೇರೆ ಸ್ಪೀಕರ್ ತರಿಸಿಟ್ಟು, ಹಳೆಯದನ್ನು ಕಿತ್ತು ಗುಜರಿಗೆ ಹಾಕಲು ಸ್ಕ್ರೂಡ್ರೈವರ್ ಎತ್ತಿದಳು. ಅಪ್‌ಡೇಟ್ ಆದ ದಿನವೇ ಸದ್ದು ನಿಂತಿತೆಂದು ಅದರ ಮಾಲೀಕರು ಹೇಳಿದ್ದು ಆಗ ನೆನಪಾಯಿತು. ಲ್ಯಾಪ್‌ಟಾಪಿನ ಮೂಲೆಯಲ್ಲಿ ಉಳಿದಿದ್ದ ಹಳೇ ಕರ್ನಲನ್ನು ಒಮ್ಮೆ ಎಬ್ಬಿಸಿ ನೋಡಿದಳು. ಅದು ಕಣ್ಣುಜ್ಜಿಕೊಂಡು ತನ್ನ ಪಟ್ಟಿ ಓದಿತು.

"ಸ್ಪೀಕರ್?"

"ಇದ್ದೇನೆ!" ಅಂಗಡಿಯೆಲ್ಲ ಮೊಳಗಿತು.

ಫ್ಯಾನ್ ಬೆರಗಾಯಿತು. "ಗಂಟಲು ಯಾವಾಗ ಸರಿಹೋಯಿತು?"

"ಅದು ಕೆಟ್ಟೇ ಇರಲಿಲ್ಲ. ಕರೆಯುವವರಿರಲಿಲ್ಲ, ಅಷ್ಟೇ," ಎಂದಿತು ಸ್ಪೀಕರ್. "ನಾನೂ ನಿನ್ನ ಮಾತು ನಂಬಿಬಿಟ್ಟಿದ್ದೆ."