ತಳವಿದ್ದ ಬುಟ್ಟಿ

ಶಾಲೆಯ ಬಾಸ್ಕೆಟ್‌ಬಾಲ್ ಕಂಬದ ರಿಂಗ್ ಕಳಚಿ ಬಿದ್ದಾಗ ಹುಡುಗಿಯರು ಅದರ ಜಾಗದಲ್ಲಿ ಬಿದಿರಿನ ಬುಟ್ಟಿಯೊಂದನ್ನು ಕಟ್ಟಿದರು. ಬುಟ್ಟಿ ಕೆಳಗೆ ಬಿದ್ದಿದ್ದ ರಿಂಗನ್ನು ನೋಡಿ ನಕ್ಕಿತು: "ಹೆಸರಿಗೆ ಬಾಸ್ಕೆಟ್, ತಳವೇ ಇಲ್ಲ! ನನ್ನೊಳಗೆ ಬಿದ್ದದ್ದು ನನ್ನದೇ."

ಭಾರತ ತಂಡಕ್ಕೆ ಆಡಿ ಊರಿಗೆ ಮರಳಿದ್ದ ಬೊಳ್ಳಮ್ಮ ಚೆಂಡೆಸೆದಳು. ಬುಟ್ಟಿ ಅದನ್ನು ಅವುಚಿಕೊಂಡಿತು. ಆಟ ನಿಂತಿತು.

"ಬಿಡು ತಾಯಿ, ಕೆಳಗೆ ಕಾಯುತ್ತಿದ್ದಾರೆ," ಎಂದು ಚೆಂಡು ಅಂಗಲಾಚಿತು.

"ನನ್ನ ಮೊದಲ ಗಳಿಕೆ. ಬಿಡುವುದುಂಟೇ?"

ರಿಂಗ್ ಹೇಳಿತು: "ಬೊಳ್ಳಮ್ಮ ಚಿಕ್ಕಂದಿನಲ್ಲಿ ಹಾಕಿದ ಮೊದಲ ಚೆಂಡನ್ನು ನಾನೂ ಹೀಗೇ ಹಿಡಿದಿಟ್ಟಿದ್ದರೆ, ಅವಳು ಈ ಮೈದಾನ ದಾಟುತ್ತಿದ್ದಳೇ, ತಂಗಿ?"

ಬುಟ್ಟಿ ಕೇಳಲಿಲ್ಲ. ಬೊಳ್ಳಮ್ಮ ಏಣಿ ಹತ್ತಿ, ಕುಡುಗೋಲಿನಿಂದ ಅದರ ತಳವನ್ನೇ ಕೊಯ್ದಳು. ಚೆಂಡು ಕುಣಿಯುತ್ತಾ ಕೆಳಗಿಳಿಯಿತು.

"ಅಯ್ಯೋ, ನನ್ನ ಮಾನ ಹೋಯಿತು!"

"ಹೋದದ್ದು ತಳ," ಎಂದಿತು ರಿಂಗ್. "ನೀನು ಆಟಕ್ಕೆ ಬಂದದ್ದೇ ಈಗ."